ಪಟ್ಟಿ ಬಿಡಿ, ಪೇಪರ್ ಹಿಡಿಯಿರಿ

ಪ್ಲೇಸ್‌ಮೆಂಟ್ ಸೀಸನ್ ಹತ್ತಿರ ಬಂತು ಅಂದ್ರೆ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಒಂದು ಪಿಡಿಎಫ್ ಓಡಾಡೋಕೆ ಶುರುವಾಗುತ್ತೆ. ಸಾವಿರಾರು ಇಂಗ್ಲಿಷ್ ಪದಗಳು, ಪಕ್ಕದಲ್ಲಿ ಅರ್ಥ. 'ಎ' ಅಕ್ಷರದ ಪದಗಳು ಎಲ್ಲರಿಗೂ ಬಾಯಿಪಾಠ, 'ಸಿ' ದಾಟಿದವರು ಅಪರೂಪ. ನಮ್ಮಲ್ಲಿ ಬಹಳ ಜನ ಎಲ್‌ಕೆಜಿಯಿಂದಲೇ ಇಂಗ್ಲಿಷ್ ಮೀಡಿಯಂ. ಆದರೂ ಗ್ರೂಪ್ ಡಿಸ್ಕಷನ್‌ನಲ್ಲಿ ಕೂತಾಗ ಬಾಯಿಗೆ ಬರೋದು 'ಗುಡ್', 'ಬ್ಯಾಡ್', 'ವೆರಿ ಇಂಪಾರ್ಟೆಂಟ್' ಇಷ್ಟೇ. ಪದ ಓದಿರುತ್ತೇವೆ, ಆದರೆ ಅದನ್ನು ಯಾವ ವಾಕ್ಯದಲ್ಲಿ ಕೂರಿಸಬೇಕು ಅಂತ ಗೊತ್ತಿರೋದಿಲ್ಲ. ಅದನ್ನು ಪಟ್ಟಿ ಕಲಿಸಲ್ಲ, ದಿನಪತ್ರಿಕೆ ಕಲಿಸುತ್ತೆ. ಹೇಗೆ ಅಂತ ನೋಡೋಣ.

1. ಒಂದೇ ಸುದ್ದಿಯ ಬೆನ್ನು ಹತ್ತಿ

ಪೇಪರ್ ಪೂರ್ತಿ ಓದಬೇಕಾಗಿಲ್ಲ. ತಿಂಗಳುಗಟ್ಟಲೆ ನಡೆಯೋ ಒಂದು ಸುದ್ದಿಯನ್ನು ಆರಿಸಿಕೊಳ್ಳೋಣ. ಉದಾಹರಣೆಗೆ ರಿಸರ್ವ್ ಬ್ಯಾಂಕಿನ ಬಡ್ಡಿ ದರ. 2025ರ ಫೆಬ್ರವರಿಯಲ್ಲಿ ರೆಪೊ ದರ ಶೇ 6.5ರಿಂದ 6.25ಕ್ಕೆ ಇಳಿಯಿತು, ಏಪ್ರಿಲ್‌ನಲ್ಲಿ 6ಕ್ಕೆ, ಜೂನ್‌ನಲ್ಲಿ 5.5ಕ್ಕೆ. ಮೂರು ಸಲವೂ ಹೆಚ್ಚು ಕಡಿಮೆ ಅವೇ ಪದಗಳು ಬಂದವು. 'ಬೇಸಿಸ್ ಪಾಯಿಂಟ್' ಅಂದ್ರೆ ಶೇಕಡಾ ಒಂದರ ನೂರನೇ ಒಂದು ಭಾಗ. 'ಹಾಕಿಶ್' ಅಂದ್ರೆ ಗಿಡುಗದ ಧೋರಣೆ, ಬೆಲೆ ಏರಿಕೆ ತಡೆಯೋಕೆ ಬಡ್ಡಿ ಬಿಗಿ ಹಿಡಿಯೋದು. 'ಡವಿಶ್' ಅಂದ್ರೆ ಪಾರಿವಾಳದ ಧೋರಣೆ, ಬಡ್ಡಿ ಸಡಿಲಿಸೋ ಕಡೆ ಒಲವು.

ಇನ್ನೊಂದು ಮಜಾ ಇದೆ. ನಮಗೆಲ್ಲ ಅಕಾಮೊಡೇಶನ್ ಅಂದ್ರೆ ಪಿಜಿ, ಹಾಸ್ಟೆಲ್ ಅಷ್ಟೇ. ಆದರೆ ಆ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕ್ ತನ್ನ ನಿಲುವು 'ನ್ಯೂಟ್ರಲ್'ನಿಂದ 'ಅಕಾಮೊಡೇಟಿವ್'ಗೆ ಬದಲಾಯಿತು ಅಂದಿತು. ಅಂದರೆ ಆರ್ಥಿಕತೆಗೆ ಅನುಕೂಲ ಮಾಡಿಕೊಡೋ ನಿಲುವು. ಜೂನ್‌ನಲ್ಲಿ ಮತ್ತೆ ನ್ಯೂಟ್ರಲ್. ಹೊಸ ಪದಕ್ಕಿಂತ, ಹಳೆ ಪದದ ಇಂಥ ಹೊಸ ಅರ್ಥಗಳೇ ನಮ್ಮನ್ನು ಹೆಚ್ಚು ಕಾಡೋದು.

2. ಹೆಡ್‌ಲೈನ್ ಬೇರೆಯೇ ಭಾಷೆ

ಕಾಲಂ ಕಿರಿದು, ಅಕ್ಷರ ದೊಡ್ಡದು. ಹಾಗಾಗಿ ತಲೆಬರಹಕ್ಕೆ ಗಿಡ್ಡ ಪದಗಳೇ ಬೇಕು. 'ಅಪ್ರೂವಲ್' ಬದಲು 'ನಾಡ್'. 'ಇನ್ವೆಸ್ಟಿಗೇಷನ್' ಬದಲು 'ಪ್ರೋಬ್' (ಲ್ಯಾಬಲ್ಲಿ ಆಸಿಲೋಸ್ಕೋಪಿಗೆ ಚುಚ್ಚೋ ಪ್ರೋಬ್ ಅಲ್ಲ!). ಸರ್ಕಾರ 'ಮಲ್ಸ್' ಅಂತ ಇದ್ದರೆ ಇನ್ನೂ ಯೋಚನೆ ಮಾಡ್ತಿದೆ, ತೀರ್ಮಾನ ಆಗಿಲ್ಲ ಅಂತ ಅರ್ಥ. ಕೋರ್ಟ್ ಆದೇಶಕ್ಕೆ 'ಸ್ಟೇ' ಸಿಕ್ಕರೆ ಸದ್ಯಕ್ಕೆ ತಡೆ, 'ಕ್ವಾಶ್' ಆದರೆ ರದ್ದೇ. ಈ ಪದಗಳನ್ನು ಗುರುತಿಸಿ, ಆದರೆ ಇಂಟರ್‌ವ್ಯೂನಲ್ಲಿ ಹೆಡ್‌ಲೈನ್ ಥರ ಮಾತಾಡಬೇಡಿ. ಅದೇ ಸುದ್ದಿಯ ಒಳಗಿನ ಪ್ಯಾರಾಗಳಲ್ಲಿ ಪೂರ್ತಿ ರೂಪ ಇರುತ್ತೆ, ಕಲಿಯಬೇಕಾದ್ದು ಅದನ್ನು.

3. ನಮ್ಮ ಸಿಲಬಸ್ಸೇ ಅರ್ಧ ದಾರಿ

'ವೊಲಟೈಲ್' ಮೆಮೊರಿ ನಮಗೆ ಗೊತ್ತು, ಕರೆಂಟ್ ಹೋದರೆ ಡೇಟಾ ಮಾಯ. ಷೇರು ಮಾರ್ಕೆಟ್ ವೊಲಟೈಲ್ ಅಂದ್ರೂ ಹಾಗೇ, ನೆಚ್ಚಿಕೊಳ್ಳೋ ಹಾಗಿಲ್ಲ. ಮೆಕ್ಯಾನಿಕಲ್, ಸಿವಿಲ್‌ನವರು 'ರೆಸಿಲಿಯೆನ್ಸ್' ಓದಿರುತ್ತಾರೆ: ಎಲಾಸ್ಟಿಕ್ ಮಿತಿಯೊಳಗೆ ಶಕ್ತಿ ಹೀರಿಕೊಂಡು, ಭಾರ ತೆಗೆದಾಗ ಮೊದಲಿನ ರೂಪಕ್ಕೆ ಬರೋ ಗುಣ. ಬರ ಬಂದರೂ ಚೇತರಿಸಿಕೊಂಡ ಹಳ್ಳಿಯನ್ನು ಸಂಪಾದಕೀಯ 'ರೆಸಿಲಿಯೆಂಟ್' ಅಂದರೆ ಚಿತ್ರ ತಾನಾಗೇ ಮೂಡುತ್ತೆ.

4. ಪಕ್ಕದಲ್ಲಿ ಕನ್ನಡ ಪೇಪರ್ ಇಟ್ಟುಕೊಳ್ಳಿ

ಡೆಕ್ಕನ್ ಹೆರಾಲ್ಡ್ ಮತ್ತು ಪ್ರಜಾವಾಣಿ ಒಂದೇ ಸಂಸ್ಥೆಯ ಪತ್ರಿಕೆಗಳು, ಎರಡೂ 1948ರಲ್ಲಿ ಶುರುವಾದವು. ಒಂದು ದಿನದ ಒಂದೇ ಸುದ್ದಿಯನ್ನು ಎರಡರಲ್ಲೂ ಓದಿ ನೋಡಿ. 'ಸ್ಯಾಂಕ್ಷನ್' ಪದ ತಗೊಳ್ಳಿ. ಅಧಿಕಾರಿಯ ಮೇಲೆ ಕೇಸು ನಡೆಸೋಕೆ ಸ್ಯಾಂಕ್ಷನ್ ಅಂದ್ರೆ ಅನುಮತಿ. ರಷ್ಯಾ ಮೇಲೆ ಸ್ಯಾಂಕ್ಷನ್ಸ್ ಅಂದ್ರೆ ನಿರ್ಬಂಧ. ಒಂದೇ ಪದ, ಪೂರ್ತಿ ಉಲ್ಟಾ ಅರ್ಥ! ಡಿಕ್ಷನರಿ ನೋಡಿದರೆ ಗೊಂದಲ, ಕನ್ನಡ ಸುದ್ದಿ ನೋಡಿದರೆ ಒಂದೇ ಸಲಕ್ಕೆ ಸ್ಪಷ್ಟ. ಜೊತೆಗೆ ಇನ್ನೊಂದು ಲಾಭ: 'ಆರ್ಡಿನೆನ್ಸ್'ಗೆ ಸುಗ್ರೀವಾಜ್ಞೆ, 'ಅಕ್ವಿಟ್'ಗೆ ಖುಲಾಸೆ ಅಂತೀವಿ ಅನ್ನೋದು ನಮ್ಮಂಥ ಇಂಗ್ಲಿಷ್ ಮೀಡಿಯಂನವರಿಗೆ ಗೊತ್ತಾಗೋದೂ ಹೀಗೇ.

5. ದಿನಕ್ಕೆ ಐದೇ ಪದ

ಗೊತ್ತಿಲ್ಲದ ಪ್ರತಿ ಪದಕ್ಕೂ ಮೊಬೈಲ್ ತೆಗೆದರೆ ಸುದ್ದಿಯೂ ಹೋಯ್ತು, ಮನಸ್ಸೂ ಹೋಯ್ತು. ಮೊದಲು ಪೂರ್ತಿ ಓದಿ, ಅರ್ಥ ಊಹಿಸಿ, ಆಮೇಲೆ ಐದು ಪದ ಮಾತ್ರ ಹುಡುಕಿ. ನೋಟ್‌ಬುಕ್‌ನಲ್ಲಿ ಬರೀ ಪದ ಬರೀಬೇಡಿ. ಅದು ಬಂದ ವಾಕ್ಯ, ಕನ್ನಡದ ಪದ, ನಮ್ಮ ಕಾಲೇಜಿನ ಬಗ್ಗೆ ಒಂದು ಸ್ವಂತ ವಾಕ್ಯ, ಈ ಮೂರೂ ಇರಲಿ. ಸೆಮಿಸ್ಟರ್ ಎಕ್ಸಾಮ್ ಮುಂದಕ್ಕೆ ಹೋಯ್ತು ಅನ್ನೋದಕ್ಕೆ 'ಡಿಫರ್ಡ್' ಬಳಸಿದರೆ ಆ ಪದ ಜನ್ಮದಲ್ಲಿ ಮರೆಯಲ್ಲ!

ಇಷ್ಟೆಲ್ಲ ಯಾಕೆ?

ಮಂತ್ರಿ 'ಸೆಡ್' ಅಂತ ಬರೆದರೆ ಹೇಳಿದರು ಅಷ್ಟೇ. 'ಕ್ಲೈಮ್ಡ್' ಅಂದ್ರೆ ಹೇಳಿಕೊಂಡರು, ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು. 'ಅಡ್ಮಿಟೆಡ್' ಅಂದ್ರೆ ಒಪ್ಪಿಕೊಂಡರು, ಅಂದರೆ ಮುಚ್ಚಿಡೋ ವಿಷಯ ಏನೋ ಇತ್ತು. ಮಾತು ಒಂದೇ, ವರದಿಗಾರರು ಆರಿಸಿದ ಕ್ರಿಯಾಪದ ಬೇರೆ. ಈ ವ್ಯತ್ಯಾಸ ಕಾಣದಿದ್ದರೆ ಪೇಪರ್ ನಮ್ಮನ್ನು ಎತ್ತ ಎಳೆಯುತ್ತೋ ಅತ್ತ ಹೋಗ್ತೀವಿ. ಪ್ಲೇಸ್‌ಮೆಂಟ್ ಒಂದು ದಿನ ಮುಗಿಯುತ್ತೆ, ಸುದ್ದಿ ಓದೋದು ಮುಗಿಯಲ್ಲ.

ನಾಳೆ ಲೈಬ್ರರಿಯಲ್ಲಿ ಕ್ರೀಡಾ ಪುಟ ಮುಗಿಸಿದ ಮೇಲೆ ಸಂಪಾದಕೀಯ ಪುಟವನ್ನೂ ಒಮ್ಮೆ ತೆರೆಯೋಣ. ಒಂದು ತಿಂಗಳು, ಒಂದು ಸುದ್ದಿ, ದಿನಕ್ಕೆ ಐದು ಪದ. ಶುರು ಮಾಡೋಣ್ವಾ?