ಮೂರು ಚೀಟಿಗಳನ್ನು ಒಟ್ಟಿಗೆ ಓದುವವರು ಯಾರು?

ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯಲ್ಲಿ ನರಗುಂದ ದಾಟಿ ಉತ್ತರಕ್ಕೆ ಸಾಗಿದರೆ ಬಾದಾಮಿ ತಾಲ್ಲೂಕಿನ ಕುಳಗೇರಿ ಕ್ರಾಸ್ ಸಿಗುತ್ತದೆ. ಹೆಸರೇ ಹೇಳುವಂತೆ ಅದು ದಾರಿಗಳು ಕೂಡುವ ಜಾಗ. ಪೂರ್ವಕ್ಕೆ ಹೊರಳಿದರೆ ಬಾದಾಮಿ, ಮುಂದೆ ಹೋದರೆ ಕೆರೂರು, ಬಾಗಲಕೋಟೆ, ಹಿಂದಕ್ಕೆ ಹುಬ್ಬಳ್ಳಿ. ಸುತ್ತಲಿನ ಹಳ್ಳಿಗಳ ಜನ ಸಂತೆಗೆ, ಕಚೇರಿಗೆ, ಕಾಲೇಜಿಗೆ ಬಸ್ಸು ಹಿಡಿಯುವಂತೆ ದವಾಖಾನೆಗೂ ಇಲ್ಲಿಂದಲೇ ಬಸ್ಸು ಹಿಡಿಯುತ್ತಾರೆ. ಯಾವ ಕಾಯಿಲೆಗೆ ಯಾವ ದಿಕ್ಕು ಎಂಬುದನ್ನು ರೋಗದ ತೀವ್ರತೆ, ಕೈಯಲ್ಲಿರುವ ಹಣ ಮತ್ತು ಹಿಂದೆ ಹೋಗಿ ಬಂದವರ ಮಾತು ಸೇರಿ ತೀರ್ಮಾನಿಸುತ್ತವೆ. ಹೀಗೆ ಹೋದವರು ಮರಳುವಾಗ ಪ್ರತಿ ಸಲವೂ ಒಂದೊಂದು ಚೀಟಿ ಮತ್ತು ಒಂದೊಂದು ಪೊಟ್ಟಣ ಗುಳಿಗೆ ತರುತ್ತಾರೆ.

ಈ ಭಾಗದ ಅರವತ್ತು ದಾಟಿದ ರೈತನೊಬ್ಬನನ್ನು ಕಲ್ಪಿಸಿಕೊಳ್ಳಿ. ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆಗೆಂದು ಪ್ರಾಥಮಿಕ ಆರೋಗ್ಯ ಕೇಂದ್ರದವರು ಟೆಲ್ಮಿಸಾರ್ಟಾನ್ ಮತ್ತು ಮೆಟ್‌ಫಾರ್ಮಿನ್ ಗುಳಿಗೆಗಳನ್ನು ಉಚಿತವಾಗಿ ಕೊಟ್ಟಿದ್ದಾರೆ. ಮೊಣಕಾಲು ನೋವು ತಾಳದೆ ತಾಲ್ಲೂಕು ಕೇಂದ್ರದ ಖಾಸಗಿ ವೈದ್ಯರಲ್ಲಿಗೆ ಹೋದಾಗ ಅವರು ಡೈಕ್ಲೊಫೆನಾಕ್ ಬರೆದಿದ್ದಾರೆ. ಮತ್ತೊಮ್ಮೆ ತಲೆಸುತ್ತು ಬಂದು ದೊಡ್ಡ ಆಸ್ಪತ್ರೆಗೆ ದಾಖಲಾದಾಗ ಅಲ್ಲಿನವರು ಟೆಲ್ಮಿಸಾರ್ಟಾನ್ ಜೊತೆಗೆ ಮೂತ್ರಸ್ರಾವ ಹೆಚ್ಚಿಸುವ ಔಷಧ ಬೆರೆತ ಗುಳಿಗೆಯೊಂದನ್ನು ಬರೆದು ಕಳುಹಿಸಿದ್ದಾರೆ. ಅದರ ವ್ಯಾಪಾರಿ ಹೆಸರು ಬೇರೆ, ಬಣ್ಣ ಬೇರೆ. ಹಳೆಯ ಗುಳಿಗೆ ನಿಲ್ಲಿಸಬೇಕೆಂದು ಯಾರೂ ಬಿಡಿಸಿ ಹೇಳಿಲ್ಲ. ಆತ ಎಲ್ಲವನ್ನೂ ಶ್ರದ್ಧೆಯಿಂದ ನುಂಗುತ್ತಾನೆ.

ಈಗ ಲೆಕ್ಕ ಹಾಕಿ. ಒಂದೇ ಔಷಧ ಎರಡು ಹೆಸರಿನಲ್ಲಿ ಎರಡು ಪಟ್ಟು ಹೊಟ್ಟೆ ಸೇರುತ್ತಿದೆ. ರಕ್ತದೊತ್ತಡದ ಈ ಗುಳಿಗೆ, ಮೂತ್ರಸ್ರಾವದ ಔಷಧ ಮತ್ತು ನೋವುನಿವಾರಕ ಮೂರೂ ಕೂಡಿದಾಗ ಮೂತ್ರಪಿಂಡಕ್ಕೆ ಪೆಟ್ಟು ಬೀಳುವ ಸಂಭವವಿದೆ ಎಂಬುದು ವೈದ್ಯವಿಜ್ಞಾನಕ್ಕೆ ಚೆನ್ನಾಗಿ ಗೊತ್ತಿರುವ ಸಂಗತಿ. ಬೇಸಿಗೆಯ ಬಿಸಿಲಲ್ಲಿ ಹೊಲದಲ್ಲಿ ದುಡಿದು ದೇಹದ ನೀರು ಆರಿದವನಿಗಂತೂ ಅಪಾಯ ಇನ್ನೂ ಹೆಚ್ಚು. ಮೂತ್ರಪಿಂಡ ಸೋತರೆ ಮೆಟ್‌ಫಾರ್ಮಿನ್ ಕೂಡ ದೇಹದಿಂದ ಸರಿಯಾಗಿ ಹೊರಹೋಗುವುದಿಲ್ಲ. ಇಲ್ಲಿ ಮೂವರು ವೈದ್ಯರಲ್ಲಿ ಯಾರೊಬ್ಬರನ್ನೂ ದೂರುವಂತಿಲ್ಲ. ಪ್ರತಿಯೊಬ್ಬರೂ ತಮ್ಮೆದುರಿನ ಕಾಯಿಲೆಗೆ ಸರಿಯಾದ ಔಷಧವನ್ನೇ ಬರೆದಿದ್ದಾರೆ. ತಪ್ಪಿದ್ದು ಒಂದೇ: ಮೂರು ಚೀಟಿಗಳನ್ನು ಒಟ್ಟಿಗೆ ಹರಡಿಕೊಂಡು ಓದುವ ಕೆಲಸವನ್ನು ನಮ್ಮ ವ್ಯವಸ್ಥೆ ಯಾರಿಗೂ ಒಪ್ಪಿಸಿಲ್ಲ.

ಇದು ಹಳ್ಳಿಯ ಅನಕ್ಷರಸ್ಥರ ಸಮಸ್ಯೆ ಎಂದು ನಗರದ ಓದುಗರು ನಿಟ್ಟುಸಿರು ಬಿಡಬೇಕಿಲ್ಲ. ಹೃದ್ರೋಗಕ್ಕೊಬ್ಬರು, ಮಧುಮೇಹಕ್ಕೊಬ್ಬರು, ಮೂಳೆ ನೋವಿಗೊಬ್ಬರು ತಜ್ಞರನ್ನು ಕಾಣುತ್ತಿರುವ ನಮ್ಮ ಮನೆಯ ಹಿರಿಯರ ಔಷಧದ ಡಬ್ಬಿಯನ್ನು ಒಮ್ಮೆ ತೆರೆದು ನೋಡಿದರೆ ಸಾಕು. ವಿಶ್ವ ಆರೋಗ್ಯ ಸಂಸ್ಥೆಯು 2017ರಲ್ಲಿ ‘ಹಾನಿಯಿಲ್ಲದ ಔಷಧೋಪಚಾರ’ಕ್ಕಾಗಿ ಜಾಗತಿಕ ಕರೆ ಕೊಟ್ಟಾಗ, ಔಷಧ ಬಳಕೆಯಲ್ಲಿನ ತಪ್ಪುಗಳಿಂದ ಜಗತ್ತಿಗೆ ತಗಲುವ ವೆಚ್ಚ ವರ್ಷಕ್ಕೆ 4,200 ಕೋಟಿ ಡಾಲರ್ ಎಂದು ಅಂದಾಜಿಸಿತ್ತು. ಒಂದು ವಿಭಾಗದಿಂದ ಇನ್ನೊಂದಕ್ಕೆ, ಆಸ್ಪತ್ರೆಯಿಂದ ಮನೆಗೆ ರೋಗಿ ಸಾಗುವ ಘಟ್ಟದಲ್ಲಿ ವಿಶೇಷ ಎಚ್ಚರ ಬೇಕೆಂದು ಅದು ಒತ್ತಿ ಹೇಳಿತು.

ಹಾಗೆ ಓದಬೇಕಾದವರಿಗೆ ಒಂದು ಹೆಸರಿದೆ: ಕ್ಲಿನಿಕಲ್ ಫಾರ್ಮಸಿಸ್ಟ್. ಔಷಧ ಎಣಿಸಿ ಕೊಡುವುದಷ್ಟೇ ಇವರ ಕೆಲಸವಲ್ಲ. ವಾರ್ಡಿನಲ್ಲಿ ವೈದ್ಯರ ಜೊತೆ ಸುತ್ತುವುದು, ರೋಗಿ ಹಿಂದಿನಿಂದ ಏನೇನು ನುಂಗುತ್ತಿದ್ದಾನೆಂದು ಕೇಳಿ ಪಟ್ಟಿ ಮಾಡುವುದು, ಮೂತ್ರಪಿಂಡದ ಸ್ಥಿತಿಗೂ ಮಗುವಿನ ತೂಕಕ್ಕೂ ತಕ್ಕಂತೆ ಪ್ರಮಾಣವನ್ನು ತಾಳೆ ನೋಡುವುದು, ಒಂದಕ್ಕೊಂದು ಹೊಂದದ ಔಷಧಗಳನ್ನು ಗುರುತಿಸಿ ವೈದ್ಯರ ಗಮನಕ್ಕೆ ತರುವುದು, ಅಡ್ಡಪರಿಣಾಮಗಳನ್ನು ದಾಖಲಿಸುವುದು, ಬಿಡುಗಡೆಯ ದಿನ ರೋಗಿಗೆ ಅವನ ಮಾತಿನಲ್ಲೇ ತಿಳಿಹೇಳುವುದು ಇವರ ಹೊಣೆ. ಔಷಧ ಬದಲಿಸುವ ಅಂತಿಮ ನಿರ್ಧಾರ ವೈದ್ಯರದ್ದೇ.

ಅಮೆರಿಕದಲ್ಲಿ 1966ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆಸ್ಪತ್ರೆಯ ಒಂಬತ್ತನೇ ಮಹಡಿಯಲ್ಲಿ ಫಾರ್ಮಸಿಸ್ಟರನ್ನು ವಾರ್ಡಿಗೆ ತಂದು ನಿಲ್ಲಿಸಿದ ಪ್ರಯೋಗ ಈ ವೃತ್ತಿಗೆ ದಾರಿ ಮಾಡಿತು. ಇಂದು ಆ ದೇಶದ ಮಾಜಿ ಸೈನಿಕರಿಗಾಗಿರುವ ಸರ್ಕಾರಿ ಆಸ್ಪತ್ರೆಗಳ ಬೃಹತ್ ಜಾಲದಲ್ಲಿ ರಕ್ತದೊತ್ತಡ, ಮಧುಮೇಹದಂಥ ದೀರ್ಘಕಾಲದ ಕಾಯಿಲೆಗಳಿಗೆ ನಿಗದಿತ ಅಧಿಕಾರದೊಳಗೆ ಔಷಧದ ಪ್ರಮಾಣ ಹೊಂದಿಸುವವರು ಕ್ಲಿನಿಕಲ್ ಫಾರ್ಮಸಿಸ್ಟರೇ. ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸೇವೆ 2015ರಿಂದ ಇವರನ್ನು ಕುಟುಂಬ ವೈದ್ಯರ ಚಿಕಿತ್ಸಾಲಯಗಳಲ್ಲೂ ನೇಮಿಸತೊಡಗಿತು. ಸರ್ಕಾರಿ ವ್ಯವಸ್ಥೆಗೆ ಈ ವೃತ್ತಿ ಒಗ್ಗದು ಎಂಬ ವಾದಕ್ಕೆ ಇಲ್ಲಿಯೇ ಉತ್ತರವಿದೆ.

ಕರ್ನಾಟಕಕ್ಕೆ ಇದು ಹೊರಗಿನ ಸರಕೂ ಅಲ್ಲ. ಭಾರತದಲ್ಲಿ ಈ ವಿದ್ಯೆಗೆ ಮೊದಲು ನೆಲೆ ಕೊಟ್ಟ ಸಂಸ್ಥೆಗಳಲ್ಲಿ ಮೈಸೂರಿನ ಜೆಎಸ್‌ಎಸ್ ಫಾರ್ಮಸಿ ಕಾಲೇಜು ಒಂದು. 1990ರ ದಶಕದ ಉತ್ತರಾರ್ಧದಲ್ಲೇ ಅಲ್ಲಿ ಸ್ನಾತಕೋತ್ತರ ಪಾಠ ಆರಂಭವಾಗಿತ್ತು. 2008ರಲ್ಲಿ ಭಾರತೀಯ ಫಾರ್ಮಸಿ ಪರಿಷತ್ತು ಆರು ವರ್ಷಗಳ ಫಾರ್ಮ್.ಡಿ ಪದವಿಯನ್ನು ಜಾರಿಗೆ ತಂದಿತು. ಅದರಲ್ಲಿ ಐದು ವರ್ಷ ಓದು, ಕೊನೆಯ ಒಂದು ವರ್ಷ ಪೂರ್ತಿ ಆಸ್ಪತ್ರೆಯ ವಾರ್ಡುಗಳಲ್ಲಿ ತರಬೇತಿ. 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಾವಳಿ ರೋಗಿಗೆ ಔಷಧದ ಬಗ್ಗೆ ತಿಳಿವಳಿಕೆ ಕೊಡುವುದನ್ನು ಫಾರ್ಮಸಿಸ್ಟರ ಕರ್ತವ್ಯವಾಗಿಸಿತು; 2021ರ ತಿದ್ದುಪಡಿ ಕ್ಲಿನಿಕಲ್ ಫಾರ್ಮಸಿಸ್ಟ್ ಎಂಬ ಸ್ಥಾನವನ್ನೇ ಹೆಸರಿಸಿತು. ಹೀಗೆ ಪದವಿಯೂ ಇದೆ, ನಿಯಮವೂ ಇದೆ. ಆದರೆ ತಾಲ್ಲೂಕು ಆಸ್ಪತ್ರೆಯ ವಾರ್ಡಿನಲ್ಲಿ ಆ ವ್ಯಕ್ತಿ ಕಾಣುವುದಿಲ್ಲ. ವಿಪರ್ಯಾಸವೆಂದರೆ, ಹೀಗೆ ಕಲಿತ ಅನೇಕರು ಬೆಂಗಳೂರಿನ ಖಾಸಗಿ ಕಂಪನಿಗಳಲ್ಲಿ ಪರದೇಶದ ರೋಗಿಗಳ ಅಡ್ಡಪರಿಣಾಮಗಳ ದಾಖಲೆಯನ್ನು ಕಂಪ್ಯೂಟರಿನಲ್ಲಿ ತಿದ್ದುತ್ತ ಕುಳಿತಿದ್ದಾರೆ.

ಸರ್ಕಾರಿ ಆಸ್ಪತ್ರೆಯಲ್ಲಿ ಇರುವ ಫಾರ್ಮಸಿಸ್ಟರ ಪಾಡೇನು? ‘ಕಂಪೌಂಡರ್’ ಎಂಬ ಹಳೆಯ ಹೆಸರನ್ನು ಜನ ಇನ್ನೂ ಬಿಟ್ಟಿಲ್ಲ. ನೋಂದಾಯಿತ ಫಾರ್ಮಸಿಸ್ಟರ ಹೊರತು ಬೇರಾರೂ ವೈದ್ಯರ ಚೀಟಿಗೆ ಔಷಧ ಕೊಡಕೂಡದೆಂದು 1948ರ ಫಾರ್ಮಸಿ ಕಾಯ್ದೆಯ 42ನೇ ಕಲಮು ಹೇಳಿ ಮುಕ್ಕಾಲು ಶತಮಾನವೇ ಕಳೆದಿದ್ದರೂ, ಸಮಾಜದ ಕಣ್ಣಿಗೆ ಅವರು ಕಿಟಕಿಯ ಹಿಂದಿನ ಒಂದು ಕೈ ಮಾತ್ರ. ಬೇಡಿಕೆ ಪಟ್ಟಿ, ದಾಸ್ತಾನು ಪುಸ್ತಕ, ಅವಧಿ ಮೀರಿದ ಔಷಧಗಳ ಲೆಕ್ಕ, ಕಂಪ್ಯೂಟರ್ ದಾಖಲೆ ಇಷ್ಟನ್ನೂ ನಿಭಾಯಿಸುತ್ತ ಎದುರಿನ ಸಾಲನ್ನು ಅವರು ಕರಗಿಸಬೇಕು. “ಒಂದ ಗುಳಗಿ ಮುಂಜಾನೆ, ಒಂದ ರಾತ್ರಿ, ಉಂಡ ಮ್ಯಾಲ ತೊಗೊಳ್ರಿ ಯಜ್ಜಾ” ಎಂಬಲ್ಲಿಗೆ ಮಾತು ಮುಗಿಯುವುದು ಅವರ ಅಸಡ್ಡೆಯಿಂದಲ್ಲ. ಹಿಂದೆ ನಿಂತವರ ಸಂಖ್ಯೆಯಿಂದ.

ಆದರೆ ಆ ಒಂದು ಮಾತಿನಲ್ಲಿ ಹೇಳಲಾಗದೆ ಉಳಿಯುವುದು ಎಷ್ಟೆಂದು ನೋಡಬೇಕು. ಗರ್ಭಿಣಿಯರಿಗೆ ಸರ್ಕಾರ ಕಬ್ಬಿಣಾಂಶದ ಗುಳಿಗೆಯನ್ನೂ ಸುಣ್ಣಾಂಶದ ಗುಳಿಗೆಯನ್ನೂ ಉಚಿತವಾಗಿ ಕೊಡುತ್ತದೆ. ಎರಡನ್ನೂ ಒಟ್ಟಿಗೆ ನುಂಗಿದರೆ ಕಬ್ಬಿಣಾಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ. ಚಹಾದೊಡನೆ ನುಂಗಿದರೂ ಅಷ್ಟೇ. ಬೆಳಿಗ್ಗೆ ಚಹಾ ಇಲ್ಲದೆ ದಿನವೇ ಆರಂಭವಾಗದ ನಾಡಿನಲ್ಲಿ ಇದನ್ನು ಬಿಡಿಸಿ ಹೇಳದಿದ್ದರೆ, ನೂರೆಂಬತ್ತು ದಿನ ತಪ್ಪದೆ ಗುಳಿಗೆ ನುಂಗಿದ ಹೆಣ್ಣುಮಗಳ ರಕ್ತಹೀನತೆ ನೀಗದೆ ಉಳಿಯಬಹುದು. ಇನ್ಸುಲಿನ್ ವಿಷಯ ಇನ್ನೂ ನಾಜೂಕು. ನಮ್ಮಲ್ಲಿ ಮಿಲಿಲೀಟರಿಗೆ 40 ಯೂನಿಟ್ಟಿನ ಬಾಟಲಿಯೂ ಇದೆ, 100 ಯೂನಿಟ್ಟಿನದೂ ಇದೆ. ಒಂದಕ್ಕೆ ಕೆಂಪು ಮುಚ್ಚಳದ ಸಿರಿಂಜು, ಇನ್ನೊಂದಕ್ಕೆ ಕಿತ್ತಳೆ ಮುಚ್ಚಳದ್ದು. 100 ಯೂನಿಟ್ಟಿನ ಇನ್ಸುಲಿನ್ನನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ ಎಳೆದರೆ ದೇಹಕ್ಕೆ ಹೋಗುವುದು ಎರಡೂವರೆ ಪಟ್ಟು. ಸಕ್ಕರೆ ಮಟ್ಟ ಪಾತಾಳಕ್ಕಿಳಿದು ಜೀವಕ್ಕೇ ಎರವಾಗುವ ಈ ತಪ್ಪನ್ನು ತಡೆಯಲು ಬೇಕಾದುದು ಯಂತ್ರವಲ್ಲ, ಐದು ನಿಮಿಷ ಎದುರು ಕೂರಿಸಿಕೊಂಡು ತೋರಿಸಿಕೊಡುವ ಮನುಷ್ಯ.

ರಕ್ತದೊತ್ತಡ, ಮಧುಮೇಹಗಳ ತಪಾಸಣೆಯನ್ನು ಮನೆಬಾಗಿಲಿಗೇ ಒಯ್ಯುವ ‘ಗೃಹ ಆರೋಗ್ಯ’ ಯೋಜನೆಯನ್ನು ರಾಜ್ಯ ಸರ್ಕಾರ 2024ರಲ್ಲಿ ಕೋಲಾರ ಜಿಲ್ಲೆಯಿಂದ ಆರಂಭಿಸಿತು. ಸ್ವಾಗತಾರ್ಹ ಹೆಜ್ಜೆ. ಆದರೆ ಗುಳಿಗೆ ಮನೆ ತಲುಪುವುದು ಹೆಚ್ಚಿದಷ್ಟೂ, ಆ ಮನೆಯಲ್ಲಿ ಈಗಾಗಲೇ ಇರುವ ಗುಳಿಗೆಗಳ ಜೊತೆ ಅದು ಹೇಗೆ ಹೊಂದುತ್ತದೆಂದು ನೋಡುವವರ ಅಗತ್ಯವೂ ಹೆಚ್ಚುತ್ತದೆ.

ಬಳ್ಳಾರಿಯ ದುರಂತವನ್ನೂ ಇಲ್ಲಿ ನೆನೆಯಬೇಕಾಗುತ್ತದೆ. 2024ರ ನವೆಂಬರಿನಲ್ಲಿ ಅಲ್ಲಿನ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಹೆರಿಗೆಯಾದ ಐವರು ಬಾಣಂತಿಯರು ಒಬ್ಬರಾದ ಮೇಲೊಬ್ಬರು ಪ್ರಾಣ ಬಿಟ್ಟರು. ಅವರಿಗೆ ನೀಡಲಾಗಿದ್ದ ರಿಂಗರ್ಸ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟದ ಮೇಲೆ ಸಂಶಯ ಮೂಡಿತು. ರಾಜ್ಯದ ಔಷಧ ನಿಯಂತ್ರಕರು ಅಮಾನತಾದರು. ದ್ರಾವಣದ ಗುಣಮಟ್ಟ ಕಾರ್ಖಾನೆ, ಖರೀದಿ ಮತ್ತು ಪ್ರಯೋಗಾಲಯಗಳ ಹೊಣೆ. ಕ್ಲಿನಿಕಲ್ ಫಾರ್ಮಸಿಸ್ಟ್ ಒಬ್ಬರಿದ್ದಿದ್ದರೆ ಎಲ್ಲವೂ ತಪ್ಪುತ್ತಿತ್ತೆಂದು ಹೇಳುವುದು ದುಡುಕಾದೀತು. ಆದರೆ ಒಂದೇ ವಾರ್ಡಿನಲ್ಲಿ ಹಲವರಿಗೆ ಒಂದೇ ಬಗೆಯ ತೊಂದರೆ ಕಾಣಿಸಿದಾಗ, ಅವರೆಲ್ಲರಿಗೂ ಕೊಟ್ಟ ಔಷಧದ ಬ್ಯಾಚ್ ಸಂಖ್ಯೆ ಒಂದೇ ಆಗಿದೆಯೇ ಎಂದು ಅದೇ ದಿನ ಕೇಳಬೇಕಾದವರು ಯಾರು? ಅಡ್ಡಪರಿಣಾಮಗಳ ನಿಗಾಕ್ಕೆಂದು 2010ರಿಂದ ರಾಷ್ಟ್ರೀಯ ಕಾರ್ಯಕ್ರಮವಿದೆ, ಸಾರ್ವಜನಿಕರೂ ಕರೆ ಮಾಡಬಹುದಾದ 1800-180-3024 ಎಂಬ ಉಚಿತ ಸಹಾಯವಾಣಿಯಿದೆ. ವರದಿ ಕೇಂದ್ರಗಳು ಮುಖ್ಯವಾಗಿ ವೈದ್ಯಕೀಯ ಕಾಲೇಜುಗಳಲ್ಲಿವೆ. ಹೆರಿಗೆಗಳಾಗುವುದು ತಾಲ್ಲೂಕು ಆಸ್ಪತ್ರೆಗಳಲ್ಲೂ ಅಲ್ಲವೇ?

ಆಕ್ಷೇಪಗಳಿಲ್ಲದೆ ಇಲ್ಲ. ತಮ್ಮ ಚೀಟಿಯನ್ನು ಇನ್ನೊಬ್ಬರು ಪರಿಶೀಲಿಸುವುದು ಕೆಲ ವೈದ್ಯರಿಗೆ ಅಧಿಕಾರದ ಅತಿಕ್ರಮಣವಾಗಿ ಕಾಣುತ್ತದೆ. ನಿತ್ಯ ನೂರಾರು ರೋಗಿಗಳನ್ನು ನೋಡುವ ವೈದ್ಯರಿಗೆ ಎರಡನೆಯ ಜೊತೆ ಕಣ್ಣು ನೆರವೇ ಹೊರತು ಸವಾಲಲ್ಲ ಎಂಬುದು ಜೊತೆಯಾಗಿ ಕೆಲಸ ಮಾಡಿದ ಮೇಲಷ್ಟೇ ಮನವರಿಕೆಯಾಗುತ್ತದೆ. ವೈದ್ಯರ, ಶುಶ್ರೂಷಕಿಯರ ಹುದ್ದೆಗಳೇ ಖಾಲಿಯಿರುವಾಗ ಹೊಸ ಹುದ್ದೆ ಏಕೆಂಬ ಪ್ರಶ್ನೆಯೂ ಬರುತ್ತದೆ. ಸಿಬ್ಬಂದಿ ಕಡಿಮೆಯಿದ್ದಾಗಲೇ ತಪ್ಪುಗಳು ಹೆಚ್ಚು. ತಪ್ಪಿನಿಂದ ಮೂತ್ರಪಿಂಡ ಕಳೆದುಕೊಂಡವನ ಡಯಾಲಿಸಿಸ್ ವೆಚ್ಚವೂ ಕೊನೆಗೆ ಬೀಳುವುದು ಅದೇ ಬೊಕ್ಕಸದ ಮೇಲೆ, ಇಲ್ಲವೇ ಆ ಕುಟುಂಬದ ಹೊಲದ ಮೇಲೆ.

ಎಲ್ಲೆಡೆ ಒಮ್ಮೆಗೇ ಆಗಬೇಕೆಂದಿಲ್ಲ. ಮೊದಲ ಹಂತದಲ್ಲಿ ಪ್ರತಿ ಜಿಲ್ಲಾಸ್ಪತ್ರೆಗೆ ಇಬ್ಬರು, ಪ್ರತಿ ತಾಲ್ಲೂಕು ಆಸ್ಪತ್ರೆಗೆ ಒಬ್ಬರು ಕ್ಲಿನಿಕಲ್ ಫಾರ್ಮಸಿಸ್ಟರನ್ನು ಕಾಯಂ ಹುದ್ದೆಯಲ್ಲಿ ನೇಮಿಸಬಹುದು. ಈಗಿರುವ ಫಾರ್ಮಸಿಸ್ಟರಲ್ಲಿ ಆಸಕ್ತರಿಗೆ ತರಬೇತಿ ಕೊಟ್ಟು ಬಡ್ತಿಯ ದಾರಿ ತೆರೆಯಬಹುದು. ಇಲ್ಲವಾದರೆ ಹೊಸಬರ ಬಗ್ಗೆ ಹಳಬರಲ್ಲಿ ಅಸಮಾಧಾನ ಬೆಳೆಯುವುದು ಸಹಜ. ಬಿಡುಗಡೆಯಾಗುವ ಪ್ರತಿ ರೋಗಿಗೂ ಯಾವ ಗುಳಿಗೆ ಮುಂದುವರಿಸಬೇಕು, ಯಾವುದನ್ನು ನಿಲ್ಲಿಸಬೇಕು ಎಂದು ಕನ್ನಡದಲ್ಲಿ ಬರೆದ ಒಂದೇ ಹಾಳೆಯ ಪಟ್ಟಿ ಕೊಡುವುದನ್ನು ಕಡ್ಡಾಯ ಮಾಡಬಹುದು. ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ. ವಿತರಣಾ ಕಿಟಕಿಯ ಪಕ್ಕ ಒಂದು ಮೇಜು, ಎದುರಿಗೆ ರೋಗಿ ಕೂರಲು ಒಂದು ಕುರ್ಚಿ ಸಾಕು.

ಅಲ್ಲಿಯವರೆಗೆ ನಾವು ಮಾಡಬಹುದಾದುದು ಒಂದಿದೆ. ಯಾವುದೇ ವೈದ್ಯರಲ್ಲಿಗೆ ಹೋಗುವಾಗ ಮನೆಯಲ್ಲಿರುವ ಎಲ್ಲ ಗುಳಿಗೆಗಳನ್ನೂ, ಎಲ್ಲ ಚೀಟಿಗಳನ್ನೂ ಒಂದೇ ಚೀಲದಲ್ಲಿ ಒಯ್ದು ಮೇಜಿನ ಮೇಲೆ ಸುರಿಯಬೇಕು, “ಇವೆಲ್ಲವನ್ನೂ ಒಟ್ಟಿಗೆ ತೆಗೆದುಕೊಳ್ಳಬಹುದೇ?” ಎಂದು ಸಂಕೋಚವಿಲ್ಲದೆ ಕೇಳಬೇಕು. ಓದು ಬಲ್ಲವರು ಹಾಗೆ ಕೇಳಿಯಾರು. ಕುಳಗೇರಿ ಕ್ರಾಸಿನಲ್ಲಿ ಬಸ್ಸಿಳಿದು ಹಳ್ಳಿಯ ಹಾದಿ ಹಿಡಿಯುವ ವೃದ್ಧನ ಪರವಾಗಿ ಆ ಪ್ರಶ್ನೆ ಕೇಳುವವರನ್ನು ಮಾತ್ರ ಸರ್ಕಾರವೇ ನೇಮಿಸಬೇಕು.