ಬೀಜೋಪಚಾರದ ಪಾದರಸ ರಕ್ತಕ್ಕೆ ಸೇರುವ ಬಗೆ

ದೊಡ್ಡಬಳ್ಳಾಪುರ, ಹೊಸಕೋಟೆ ಕಡೆಯ ಹಿರಿಯ ಬೇಸಾಯಗಾರರಿಗೆ ಅಗ್ರೋಸಾನ್, ಸೆರೆಸಾನ್ ಎಂಬ ಹೆಸರುಗಳು ನೆನಪಿರಬಹುದು. ಬಿತ್ತನೆ ಬೀಜಕ್ಕೆ ಬೆರೆಸುತ್ತಿದ್ದ ಈ ಪುಡಿಗಳಲ್ಲಿ ಪಾದರಸವಿತ್ತು. ಇದೇ ಗುಂಪಿನ ಮೆಥಾಕ್ಸಿ ಈಥೈಲ್ ಮರ್ಕ್ಯುರಿ ಕ್ಲೋರೈಡನ್ನು ನಮ್ಮ ದೇಶದಲ್ಲಿ 2018ರಲ್ಲಿ ನಿಷೇಧಿಸಲಾಯಿತು.

ಪಾದರಸ ಬೆರೆಸಿದ ಬೀಜವನ್ನು ಉಂಡರೆ ಏನಾಗುತ್ತದೆಂಬುದು ಇರಾಕ್ ದೇಶದಲ್ಲಿ ತಿಳಿದುಬಂತು. 1971ರಲ್ಲಿ ಅಲ್ಲಿಗೆ ಮೀಥೈಲ್ ಪಾದರಸದಿಂದ ಉಪಚರಿಸಿದ ಗೋಧಿ, ಬಾರ್ಲಿ ಬೀಜವನ್ನು ತರಿಸಲಾಯಿತು. ಅದು ಕೈಸೇರುವಷ್ಟರಲ್ಲಿ ಹಲವೆಡೆ ಬಿತ್ತನೆ ಮುಗಿದಿತ್ತು. ಚೀಲದ ಮೇಲಿನ ಎಚ್ಚರಿಕೆ ಪರಭಾಷೆಯಲ್ಲಿತ್ತು. ತೊಳೆದರೆ ಕೆಂಪು ಬಣ್ಣ ಹೋಗುತ್ತಿತ್ತು, ವಿಷ ಹೋಗುತ್ತಿರಲಿಲ್ಲ. ಕೆಲವರು ಮೊದಲು ಕೋಳಿಗಳಿಗೆ ಹಾಕಿ ನೋಡಿದರು. ಕೆಲವು ದಿನ ಏನೂ ಆಗಲಿಲ್ಲ. ಆಮೇಲೆ ರೊಟ್ಟಿ ಮಾಡಿ ತಿಂದರು. 6,530 ಮಂದಿ ಆಸ್ಪತ್ರೆ ಸೇರಿದರು. ಅವರಲ್ಲಿ 459 ಮಂದಿ ತೀರಿಕೊಂಡರು.

ಕೋಳಿಯ ಪರೀಕ್ಷೆ ಏಕೆ ಮೋಸ ಮಾಡಿತು? ಕೆರೆಯನ್ನು ನೆನೆಯಿರಿ. ಕಾಲುವೆಯಿಂದ ದಿನವೂ ನೀರು ಬರುತ್ತದೆ, ತೂಬಿನಿಂದ ಸ್ವಲ್ಪ ಹೋಗುತ್ತದೆ. ಮೀಥೈಲ್ ಪಾದರಸಕ್ಕೆ ನಮ್ಮ ದೇಹದಲ್ಲಿರುವ ತೂಬು ಬಲು ಸಣ್ಣದು. ರಕ್ತದಲ್ಲಿರುವುದರ ಅರ್ಧ ಭಾಗ ಹೊರಹೋಗಲು ಸುಮಾರು 50ರಿಂದ 70 ದಿನ ಬೇಕು. ಹೀಗಾಗಿ ದಿನವೂ ಒಂದೇ ಪ್ರಮಾಣದಲ್ಲಿ ತಿಂದರೂ ರಕ್ತದ ಮಟ್ಟ ತಿಂಗಳುಗಟ್ಟಲೆ ಏರಿ, ಸುಮಾರು ಒಂದು ವರ್ಷಕ್ಕೆ ಒಂದೆಡೆ ನಿಲ್ಲುತ್ತದೆ. ಆ ಮಟ್ಟ ತಿಂದದ್ದಕ್ಕೆ ತಕ್ಕಂತೆ ಇರುತ್ತದೆ. ಇಮ್ಮಡಿ ತಿಂದರೆ ರಕ್ತದಲ್ಲಿಯೂ ಸುಮಾರು ಇಮ್ಮಡಿ. ರೋಗದ ಚಿಹ್ನೆಗಳು ಕಾಣುವುದು ವಾರಗಳ ನಂತರ.

ವಿಜ್ಞಾನಿಗಳು ದಿನಕ್ಕೆ ಎಷ್ಟು ರೊಟ್ಟಿ, ಎಷ್ಟು ದಿನ ತಿಂದಿರಿ ಎಂದು ಮನೆಯವರನ್ನು ಕೇಳಿದರು. ಹಿಟ್ಟಿನ ಪಾದರಸವನ್ನು ಅಳೆದು, ತಿಂದವರ ರಕ್ತದ ಮಟ್ಟದೊಂದಿಗೆ ಹೋಲಿಸಿದರು. ತಿಂದವರು ಮರೆತರೂ ಕೂದಲು ಮರೆಯುವುದಿಲ್ಲ! ಅದು ತಿಂಗಳಿಗೆ ಸುಮಾರು 1 ಸೆಂ.ಮೀ. ಬೆಳೆಯುತ್ತದೆ; ಅದರಲ್ಲಿ ರಕ್ತಕ್ಕಿಂತ ಸುಮಾರು 250 ಪಟ್ಟು ಪಾದರಸ ಸೇರುತ್ತದೆ. ತುಂಡು ತುಂಡಾಗಿ ಪರೀಕ್ಷಿಸಿದರೆ ತಿಂಗಳುವಾರು ಲೆಕ್ಕ ಸಿಗುತ್ತದೆ.

ದೇಹತೂಕದ ಪ್ರತಿ ಕಿಲೋಗ್ರಾಂಗೆ ದಿನಕ್ಕೆ 3ರಿಂದ 7 ಮೈಕ್ರೊಗ್ರಾಂನಂತೆ ದೀರ್ಘಕಾಲ ತಿಂದರೆ ಒಂದು ಲೀಟರ್ ರಕ್ತದಲ್ಲಿ 200ರಿಂದ 500 ಮೈಕ್ರೊಗ್ರಾಂ ಪಾದರಸ ನಿಲ್ಲುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ 1976ರಲ್ಲಿ ಅಂದಾಜು ಮಾಡಿತು. ಸೂಕ್ಷ್ಮ ಪ್ರಕೃತಿಯ ವಯಸ್ಕರಿಗೆ ಕೈಕಾಲು ಜೋಮು ಹಿಡಿಯುವುದು ಈ ಮಟ್ಟದಲ್ಲಿಯೇ. ಮೈಕ್ರೊಗ್ರಾಂ ಎಂದರೆ ಒಂದು ಗ್ರಾಂನ ಹತ್ತು ಲಕ್ಷದಲ್ಲೊಂದು ಪಾಲು. ಗರ್ಭದಲ್ಲಿರುವ ಕೂಸಿಗೆ ಇನ್ನೂ ಕಡಿಮೆ ಸಾಕು.

ಅಗ್ರೋಸಾನಿನಲ್ಲಿದ್ದ ಫಿನೈಲ್ ಪಾದರಸ ಇಷ್ಟು ಕಾಲ ರಕ್ತದಲ್ಲಿ ನಿಲ್ಲುವುದಿಲ್ಲ, ಆದರೂ ವಿಷವೇ. ಇಂದು ಬಳಸುವ ಥೈರಾಮ್, ಕ್ಯಾಪ್ಟಾನ್‌ಗಳಲ್ಲಿ ಪಾದರಸವಿಲ್ಲ. ಹಾಗೆಂದು ಬಿತ್ತಿ ಉಳಿದ ಬಣ್ಣದ ಬೀಜವನ್ನು ತೊಳೆದು ಬೀಸಲೂಬಾರದು, ಕೋಳಿಗೆ ಹಾಕಲೂಬಾರದು. ಅಟ್ಟದ ಮೇಲೆ ಹಳೆಯ ಡಬ್ಬಿ ಸಿಕ್ಕಿದರೆ ಸುಡಬೇಡಿ, ಕೆರೆಗೂ ಎಸೆಯಬೇಡಿ. ಕೆರೆಯ ಕೆಸರಿನ ಸೂಕ್ಷ್ಮಜೀವಿಗಳು ಪಾದರಸವನ್ನು ಮೀಥೈಲ್ ಪಾದರಸವನ್ನಾಗಿ ಮಾರ್ಪಡಿಸುತ್ತವೆ. ಅದು ಮೀನಿನ ಮೂಲಕ ಮತ್ತೆ ನಿಮ್ಮ ತಟ್ಟೆಗೇ ಬರುತ್ತದೆ. ಡಬ್ಬಿಯನ್ನು ಮುಚ್ಚಿ, ಮಕ್ಕಳ ಕೈಗೆ ಸಿಗದಂತೆ ಇಟ್ಟು, ರೈತ ಸಂಪರ್ಕ ಕೇಂದ್ರಕ್ಕೆ ತಿಳಿಸಿ.