ನೆಟ್‌ವರ್ಕ್ ಕಾರ್ಡ್: ಮನೆಗೆ ಎಷ್ಟು ಬೇಕೋ ಅಷ್ಟೇ ಸಾಕು

ಒಂದು ಬೇಸಿಗೆಯ ಸಂಜೆ ನನ್ನ ವಿದ್ಯಾರ್ಥಿನಿಯೊಬ್ಬಳ ತಂದೆ ಮನೆಗೆ ಬಂದರು. "ಮೇಷ್ಟ್ರೇ, ನಿನ್ನೆ ಗುಡುಗು ಸಿಡಿಲು ಆದ್ಮೇಲೆ ಕಂಪ್ಯೂಟರ್‌ಗೆ ಇಂಟರ್‌ನೆಟ್ ಬರ್ತಿಲ್ಲ. ಮದರ್‌ಬೋರ್ಡೇ ಬದಲಾಯಿಸ್ಬೇಕು, ಆರು ಸಾವಿರ ಆಗುತ್ತೆ ಅಂತಾರೆ ಅಂಗಡಿಯವರು. ಸಿಇಟಿ ಬೇರೆ ಹತ್ತಿರ ಬಂತು," ಎಂದರು. ಆ ಮನೆಗೆ ಆರು ಸಾವಿರ ಸಣ್ಣ ಮೊತ್ತವಲ್ಲ.

ಹೋಗಿ ನೋಡಿದೆ. ಕಂಪ್ಯೂಟರ್ ಚೆನ್ನಾಗಿಯೇ ಓಡುತ್ತಿತ್ತು. ಅದರ ಕೇಬಲ್ಲನ್ನು ಕಿತ್ತು ಪಕ್ಕದ ಮನೆಯ ಲ್ಯಾಪ್‌ಟಾಪಿಗೆ ಹಾಕಿದರೆ ಇಂಟರ್‌ನೆಟ್ ಬಂತು. ಕಂಪ್ಯೂಟರಿನ ಹಿಂದಿನ ಲ್ಯಾನ್ ಪೋರ್ಟಿನ ದೀಪ ಮಾತ್ರ ಉರಿಯಲಿಲ್ಲ. ಅಂದರೆ ಕೆಟ್ಟಿದ್ದು ಆ ಪೋರ್ಟಷ್ಟೆ. ಸಾವಿರ ರೂಪಾಯಿಯೊಳಗಿನ ಒಂದು ನೆಟ್‌ವರ್ಕ್ ಕಾರ್ಡಿನಿಂದ ಮರುದಿನವೇ ಕೆಲಸ ಮುಗಿಯಿತು.

ಏನಿದು ಕಾರ್ಡು?

ಕಂಪ್ಯೂಟರಿನ ಮಾಹಿತಿಯನ್ನು ತಂತಿಯಲ್ಲಿ ಹರಿಯುವ ವಿದ್ಯುತ್ ಸಂಕೇತಗಳನ್ನಾಗಿ, ಬಂದ ಸಂಕೇತಗಳನ್ನು ಮರಳಿ ಮಾಹಿತಿಯನ್ನಾಗಿ ಬದಲಿಸುವುದು ಇದರ ಕೆಲಸ. ಈ ಈಥರ್ನೆಟ್ ಪದ್ಧತಿ ಹುಟ್ಟಿದ್ದು 1973ರಲ್ಲಿ, ಅಮೆರಿಕದ ಜೆರಾಕ್ಸ್ ಕಂಪನಿಯ ಸಂಶೋಧನಾಲಯದಲ್ಲಿ. ಅಲ್ಲಿನ ಮೊದಲ ಜಾಲದ ವೇಗ ಸೆಕೆಂಡಿಗೆ ಸುಮಾರು 3 ಮೆಗಾಬಿಟ್. ಈಗ ಸಾಮಾನ್ಯವಾಗಿ ಸಿಗುವ 'ಗಿಗಾಬಿಟ್' ಕಾರ್ಡಿನ ವೇಗ 1000 ಮೆಗಾಬಿಟ್. ತಾಮ್ರದ ತಂತಿಯ ಗಿಗಾಬಿಟ್‌ಗೆ ಮಾನಕ ಬಂದದ್ದು 1999ರಲ್ಲಿ. ಹಳೆಯ ತಂತ್ರಜ್ಞಾನವಾದ್ದರಿಂದಲೇ ಅಗ್ಗ.

ಎಷ್ಟು ವೇಗ ಬೇಕು?

ಇದಕ್ಕಿಂತ ವೇಗದ, ದುಬಾರಿ ಕಾರ್ಡುಗಳೂ ಇವೆ. ಆದರೆ ಟ್ಯಾಂಕಿನಿಂದ ಅರ್ಧ ಇಂಚಿನ ಪೈಪು ಬರುತ್ತಿರುವಾಗ ಎರಡು ಇಂಚಿನ ನಲ್ಲಿ ಹಾಕಿದರೆ ನೀರು ಹೆಚ್ಚು ಬಂದೀತೇ? ನೀವು ಹಣ ಕಟ್ಟುತ್ತಿರುವ ಇಂಟರ್‌ನೆಟ್ ಯೋಜನೆ 100 ಮೆಗಾಬಿಟ್‌ನದಾದರೆ ಯಾವ ಕಾರ್ಡೂ ಅದನ್ನು ಮೀರಿಸದು.

ಇನ್ನೊಂದು ಲೆಕ್ಕವೂ ತಿಳಿದಿರಲಿ. 8 ಬಿಟ್ ಸೇರಿದರೆ 1 ಬೈಟ್. 100 ಮೆಗಾಬಿಟ್ ಎಂದರೆ ಸೆಕೆಂಡಿಗೆ 12.5 ಮೆಗಾಬೈಟ್. 750 ಮೆಗಾಬೈಟಿನ ಪಾಠದ ವೀಡಿಯೊ ಇಳಿಸಿಕೊಳ್ಳಲು ಕನಿಷ್ಠ ಒಂದು ನಿಮಿಷ ಬೇಕೇ ಬೇಕು. ಅದು ಕಾರ್ಡಿನ ದೋಷವಲ್ಲ.

ಯಾವುದನ್ನು ಕೊಳ್ಳಬೇಕು?

ಮೇಜಿನ ಮೇಲಿನ ಕಂಪ್ಯೂಟರಿಗೆ ಪಿಸಿಐ ಎಕ್ಸ್‌ಪ್ರೆಸ್ ಗಿಗಾಬಿಟ್ ಕಾರ್ಡು ಉತ್ತಮ. ಮೊದಲು ಮದರ್‌ಬೋರ್ಡಿನಲ್ಲಿ ಆ ಸ್ಲಾಟ್ ಖಾಲಿ ಇದೆಯೇ ನೋಡಿ. ಹಳೆಯ ಪಿಸಿಐ ಸ್ಲಾಟಿಗೆ ಇದು ಕೂರದು. ಕ್ಯಾಬಿನೆಟ್ ತೆಳ್ಳಗಿದ್ದರೆ ಗಿಡ್ಡ ಪಟ್ಟಿಯ ಕಾರ್ಡನ್ನೇ ಕೇಳಿ.

ಲ್ಯಾಪ್‌ಟಾಪಿಗೆ ಯುಎಸ್‌ಬಿ ಲ್ಯಾನ್ ಅಡಾಪ್ಟರ್ ಸಾಕು. ಆದರೆ ಯುಎಸ್‌ಬಿ 2.0 ಪೋರ್ಟಿನ ಮಿತಿಯೇ 480 ಮೆಗಾಬಿಟ್. ಪೂರ್ತಿ ಗಿಗಾಬಿಟ್ ಬೇಕಾದರೆ ಯುಎಸ್‌ಬಿ 3.0 ಬೇಕು.

ತಂತಿ ಎಳೆಯಲಾಗದಿದ್ದರೆ ವೈಫೈ ಅಡಾಪ್ಟರ್. ಡಬ್ಬದ ಮೇಲಿನ ಅಂಕಿ ಗರಿಷ್ಠ ವೇಗದ್ದು, ಮನೆಯಲ್ಲಿ ಸಿಗುವುದು ಕಡಿಮೆ. 2.4 ಗಿಗಾಹರ್ಟ್ಸ್ ಅಲೆ ಗೋಡೆಗಳನ್ನು ಹೆಚ್ಚು ಸುಲಭವಾಗಿ ದಾಟುತ್ತದೆ. 5 ಗಿಗಾಹರ್ಟ್ಸ್ ವೇಗವಾದರೂ ಗೋಡೆಗಳಲ್ಲಿ ಬೇಗ ಕುಗ್ಗುತ್ತದೆ. ರೌಟರಿನಲ್ಲಿ 5 ಗಿಗಾಹರ್ಟ್ಸ್ ಇಲ್ಲದಿದ್ದರೆ ಅದಕ್ಕೆಂದು ಹೆಚ್ಚು ಹಣ ಕೊಡಬೇಡಿ.

ಕೇಬಲ್ ಮರೆಯಬೇಡಿ

ಲ್ಯಾನ್ ಕೇಬಲ್ಲಿನೊಳಗೆ ನಾಲ್ಕು ಜೊತೆ ತಂತಿಗಳಿವೆ. 100 ಮೆಗಾಬಿಟ್‌ಗೆ ಎರಡು ಜೊತೆ ಸಾಕು, ಗಿಗಾಬಿಟ್‌ಗೆ ನಾಲ್ಕೂ ಬೇಕು. ಇಲಿ ಒಂದು ತಂತಿ ಕಡಿದರೂ ಹೊಸ ಕಾರ್ಡು 100ಕ್ಕೆ ಇಳಿಯಬಹುದು. ಕೊಳ್ಳುವಾಗ 'ಕ್ಯಾಟ್ 5ಇ' ಎಂದು ಕೇಳಿ. ಮನೆಗೆ ಅದು ಸಾಕು.

ಕಾರ್ಡು ಕೂರಿಸುವ ಮುನ್ನ ಪ್ಲಗ್ ಕಿತ್ತು, ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹದ ಭಾಗವನ್ನು ಮುಟ್ಟಿ. ಮೈಯಲ್ಲಿನ ಸ್ಥಿರ ವಿದ್ಯುತ್ತು ಚಿಪ್ಪನ್ನು ಸುಡದಿರಲು ಇದು ಅಗತ್ಯ.

ಕಾರ್ಡಿನ ದೀಪ ಮಿನುಗಿದಾಗ ಆ ಹುಡುಗಿ ಒಂದು ಪ್ರಶ್ನೆ ಕೇಳಿದಳು: "ಸರ್, ನಮಗೆ ಬರೋದು ಫೈಬರ್ ಕೇಬಲ್. ಗಾಜಿನಲ್ಲಿ ವಿದ್ಯುತ್ ಹರಿಯಲ್ಲ ಅಲ್ವಾ, ಮತ್ತೆ ಸಿಡಿಲಿನಿಂದ ಪೋರ್ಟ್ ಹೇಗೆ ಸುಟ್ಟಿತು?" ಒಳ್ಳೆಯ ಪ್ರಶ್ನೆ. ಕರೆಂಟಿನ ತಂತಿಯಿಂದ ರೌಟರಿಗೆ, ಅಲ್ಲಿಂದ ತಾಮ್ರದ ಲ್ಯಾನ್ ಕೇಬಲ್ ಮೂಲಕ ಕಂಪ್ಯೂಟರಿಗೆ ಬಂದಿರಬೇಕು. ಹಾಗಾಗಿ ಮೋಡ ಕವಿಯುವಾಗಲೇ, ಗುಡುಗು ಶುರುವಾಗುವ ಮೊದಲು, ಎರಡರ ಪ್ಲಗ್ಗನ್ನೂ ಲ್ಯಾನ್ ಕೇಬಲ್ಲನ್ನೂ ಕಿತ್ತಿಡಿ. ಈ ಎಚ್ಚರಿಕೆಗೆ ಬಿಡಿಗಾಸೂ ಖರ್ಚಿಲ್ಲ.